ಕೆಲ್ಟಿಕ್ ನಾಣ್ಯದ ಕುದುರೆ: ‘ಒಡೆದ’, ‘ಅಂಗಹೀನ’, ಇಲ್ಲವೇ ಬೇರೆ ಪದ?

ಪ್ರಶ್ನೆ: ಕೆಲ್ಟಿಕ್ (ಪ್ರಾಚೀನ ಯುರೋಪಿನ ಕೆಲ್ಟ್ ಬುಡಕಟ್ಟುಗಳ) ನಾಣ್ಯಸಂಗ್ರಹವೊಂದಕ್ಕೆ ಕನ್ನಡದಲ್ಲಿ ವಿವರಪಟ್ಟಿ ಬರೆಯಬೇಕಿದೆ. ಇಂಗ್ಲಿಷಿನಲ್ಲಿ ‘ಡಿಸ್‌ಜಾಯಿಂಟೆಡ್ ಹಾರ್ಸ್’ ಎನ್ನುವುದನ್ನು ‘ಒಡೆದ ಕುದುರೆ’ ಅಥವಾ ‘ಅಂಗಹೀನ ಕುದುರೆ’ ಎನ್ನಬಹುದೇ? ಫ್ಲಾನ್ (ಚಿತ್ರ ಒತ್ತುವ ಮೊದಲಿನ ಲೋಹದ ತುಂಡು), ಡೈ (ಚಿತ್ರ ಒತ್ತುವ ಉಪಕರಣ), ರಿವರ್ಸ್ (ನಾಣ್ಯದ ಇನ್ನೊಂದು ಬದಿ) ಇವಕ್ಕೆ ಏನು ಬಳಸಲಿ? ಸ್ಟೇಟರ್ ಎಂಬ ಚಿನ್ನದ ನಾಣ್ಯವನ್ನು ನಮ್ಮ ಹಳೆಯ ಗದ್ಯಾಣದ ಹೆಸರಿನಿಂದ ಕರೆದರೆ ತಪ್ಪೇ?

ಉತ್ತರ 1: ಎರಡೂ ಬೇಡ. ‘ಒಡೆದ’ ಎಂದರೆ ನಾಣ್ಯವೇ ಒಡೆದಿದೆ ಎಂದು ಕೊಳ್ಳುವವರು ತಿಳಿಯುತ್ತಾರೆ. ‘ಅಂಗಹೀನ’ ಎಂದರೆ ಯಾವುದೋ ಅಂಗವಿಲ್ಲ ಎಂದಾಗುತ್ತದೆ. ಇಲ್ಲಿ ಅಂಗಗಳೆಲ್ಲ ಇವೆ, ಒಂದಕ್ಕೊಂದು ಕೂಡಿಕೊಂಡಿಲ್ಲ ಅಷ್ಟೆ. ಮೂಲ ಮಾದರಿ ಮ್ಯಾಸಿಡೋನಿಯಾದ ಎರಡನೇ ಫಿಲಿಪ್‌ನ ಚಿನ್ನದ ಸ್ಟೇಟರ್: ಒಂದು ಬದಿ ಅಪೊಲೊ, ಇನ್ನೊಂದು ಬದಿ ಜೋಡಿಕುದುರೆಯ ರಥ. ಗಾಲ್ (ಇಂದಿನ ಫ್ರಾನ್ಸಿನ ಸುತ್ತಲಿನ ನಾಡು) ಮತ್ತು ಬ್ರಿಟನ್ನಿನ ಕಮ್ಮಟಗಳಲ್ಲಿ ನಕಲಿನ ಮೇಲೆ ನಕಲಾಗುತ್ತ ಎರಡು ಕುದುರೆ ಒಂದಾಯಿತು, ಸಾರಥಿ ಕುದುರೆಯ ಬೆನ್ನ ಮೇಲೆ ನಾಲ್ಕಾರು ಬಾಗುಗೆರೆಯಾದ, ಗಾಲಿಯೊಂದೇ ಹೊಟ್ಟೆಯಡಿ ಉಳಿಯಿತು. ಕಂಡರಿಸಿದವರು ಬೇಕೆಂದೇ ಹೀಗೆ ಮಾಡಿದ್ದು. ‘ಬಿಡಿಯಂಗದ ಕುದುರೆ’ ಎನ್ನಿ.

ಇದನ್ನು ಬೇರೆ ಎರಡು ಸಂಗತಿಗಳೊಂದಿಗೆ ಬೆರೆಸಬಾರದು. ಬಳಸಿ ಬಳಸಿ ಕುದುರೆಯ ಉಬ್ಬು ಚಪ್ಪಟೆಯಾಗಿದ್ದರೆ ಅದು ‘ಸವೆದದ್ದು’. ಮೂತಿಯೋ ಗೊರಸೋ ಅಂಚಿನಾಚೆ ಹೋಗಿದ್ದರೆ ‘ಬಿಲ್ಲೆ ಮೀರಿದ್ದು’. ಈ ನಾಣ್ಯಗಳಲ್ಲಿ ಚಿತ್ರ ಲೋಹದ ಬಿಲ್ಲೆಗಿಂತ ದೊಡ್ಡದಿರುವುದು ಸಾಮಾನ್ಯ, ಹಾಗಾಗಿ ಪೂರ್ತಿ ಕುದುರೆ ಸಿಗುವುದೇ ಅಪರೂಪ. ಚಿತ್ರ ಎಷ್ಟು ಪೂರ್ತಿಯಾಗಿ ಬಂದಿದೆ ಎಂಬುದರ ಮೇಲೂ ಬೆಲೆ ನಿಲ್ಲುತ್ತದೆ.

ಫ್ಲಾನ್‌ಗೆ ‘ಬಿಲ್ಲೆ’ ಸಾಕು. ಡೈಗೆ ‘ಅಚ್ಚು’ ಎಂದರೆ ತೊಡಕಾಗುತ್ತದೆ, ಏಕೆಂದರೆ ಬಿಲ್ಲೆಗೆ ಬೇಕಾದ ಲೋಹವನ್ನು ಸಾಲುಸಾಲು ಗುಳಿಗಳಿದ್ದ ಮಣ್ಣಿನ ಹಲಗೆಯಲ್ಲಿ ಕರಗಿಸುತ್ತಿದ್ದರು. ಅಂಥ ಹಲಗೆಯ ಚೂರುಗಳು ಬ್ರಿಟನ್ನಿನ ವೆರುಲೇಮಿಯಮ್‌ನಲ್ಲಿ (ಇಂದಿನ ಸೇಂಟ್ ಆಲ್ಬನ್ಸ್) ಸಿಕ್ಕಿವೆ. ‘ಅಚ್ಚು’ ಆ ಹಲಗೆಗಿರಲಿ. ಚಿತ್ರ ಒತ್ತುವ ಉಪಕರಣಕ್ಕೆ ‘ಠಸೆ’, ಒತ್ತುವ ಕೆಲಸಕ್ಕೆ ‘ಠಂಕಿಸು’.

ಉತ್ತರ 2: ರಿವರ್ಸ್‌ಗೆ ‘ಹಿಮ್ಮುಖ’ ಎಂದು ಬರೆಯುವವರಿದ್ದಾರೆ. ಕುದುರೆ ನಾಣ್ಯದಲ್ಲಿ ಅದು ಬೇಡವೇ ಬೇಡ: ‘ಹಿಮ್ಮುಖದ ಕುದುರೆ’ ಎಂದರೆ ಹಿಂದಕ್ಕೆ ಓಡುವ ಕುದುರೆ ಎಂದೇ ಅರ್ಥ ಬರುತ್ತದೆ. ಮುಂಬದಿ, ಹಿಂಬದಿ ಎನ್ನಿ.

ಗಾಲ್‌ನ ಆಂಬಿಯಾನಿ ಬುಡಕಟ್ಟಿನದೆಂದು ಗುರುತಿಸುವ, ಸುಮಾರು 6 ಗ್ರಾಂ ತೂಕದ ಸ್ಟೇಟರಿನ ಮುಂಬದಿಯಲ್ಲಿ ಚಿತ್ರವೇ ಇಲ್ಲ. ಅದಕ್ಕೆ ‘ಸವೆದಿದೆ’ ಎಂದು ಬರೆದರೆ ಒಳ್ಳೆಯ ನಾಣ್ಯಕ್ಕೆ ಅನ್ಯಾಯ. ‘ಬೋಳು’ ಸರಿಯಾದ ಪದ. ಹಾಗೆಯೇ ಬ್ರಿಟನ್ನಿನ ಡೊಬುನ್ನಿ ಬುಡಕಟ್ಟಿನ ನಾಣ್ಯದಲ್ಲಿ ಕುದುರೆಗಿರುವ ಮೂರು ಬಾಲವನ್ನು ‘ಎರಡು ಸಲ ಬಿದ್ದ ಠಸೆ’ ಎನ್ನಬೇಡಿ. ಠಸೆ ಮತ್ತೆ ಬಿದ್ದಿದ್ದರೆ ಕಾಲು, ಗಾಲಿಗಳ ಗೆರೆಯೂ ಇಮ್ಮಡಿಯಾಗಿರಬೇಕು. ಬಾಲ ಮಾತ್ರ ಮೂರಿದ್ದರೆ ಅದು ಚಿತ್ರದ್ದೇ ಲಕ್ಷಣ.

ಸ್ಟೇಟರ್ ಸ್ಟೇಟರ್ ಆಗಿಯೇ ಇರಲಿ. ಗದ್ಯಾಣಕ್ಕೆ ತನ್ನದೇ ತೂಕದ ಲೆಕ್ಕವಿದೆ; ನಮ್ಮ ಇನ್ನೊಂದು ಹಳೆಯ ಚಿನ್ನದ ನಾಣ್ಯ ವರಹವೂ ಸುಮಾರು 3.4 ಗ್ರಾಂ ಅಷ್ಟೆ. ಫಿಲಿಪ್‌ನ ಸ್ಟೇಟರ್ 8.6 ಗ್ರಾಂ ಇದ್ದರೆ ಬ್ರಿಟನ್ನಿನ ಅರಸ ಕುನೊಬೆಲಿನ್‌ನದು 5.4ರ ಆಸುಪಾಸು. ತೂಕವನ್ನು ಪ್ರತಿ ನಾಣ್ಯಕ್ಕೂ ಬರೆಯಲೇಬೇಕು. ಒಳಗೆ ತಾಮ್ರದ ತಿರುಳಿಟ್ಟು ಚಿನ್ನ ಹೊದಿಸಿದವು ಹಗುರವಾಗಿರುತ್ತವೆ, ಅಂಚಿನಲ್ಲಿ ಹಸಿರು ಕಿಲುಬು ಇಣುಕುತ್ತದೆ. ಇವಕ್ಕೆ ‘ಗಿಲೀಟು’ ಬೇಡ, ‘ಹೊದಿಕೆ ನಾಣ್ಯ’ ಎನ್ನಿ. ಒರೆಗಲ್ಲಿಗೆ ಮಾತ್ರ ಉಜ್ಜಬೇಡಿ, ಗೀರು ಉಳಿದುಬಿಡುತ್ತದೆ.

ಡೊಬುನ್ನಿ ನಾಣ್ಯಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: ‘ಮುಂಬದಿ: ಕವಲೊಡೆದ ಗಿಡದಂಥ ಚಿಹ್ನೆ. ಹಿಂಬದಿ: ಬಲಕ್ಕೆ ತಿರುಗಿದ, ಮೂರು ಬಾಲದ ಬಿಡಿಯಂಗದ ಕುದುರೆ, ಕೆಳಗೆ ಗಾಲಿ; ಮೂತಿ ಬಿಲ್ಲೆ ಮೀರಿದೆ.’