540 ವ್ಯಾಟ್ ಪ್ಯಾನಲ್‌ನಿಂದ 170 ವ್ಯಾಟೇ ಬರ್ತಿರೋದು, 100 ವೋಲ್ಟ್ ಎಂಪಿಪಿಟಿ ಕಂಟ್ರೋಲರ್ ಹಾಕಿದ್ರೆ ಸರಿಹೋಗುತ್ತಾ?

ತೋಟದಮನೆ_ಮೂಡಿಗೆರೆ:
ನಮಸ್ಕಾರ ಎಲ್ರಿಗೂ. ಮೂಡಿಗೆರೆ ಕಡೆ ತೋಟದ ಮನೆ, ಲೈನ್ ಕರೆಂಟ್ ಇಲ್ಲ, ಎಲ್ಲಾ ಸೋಲಾರ್ ಮೇಲೇ. ಮನೆ ಸುತ್ತ ಮರ ಜಾಸ್ತಿ ಅಂತ ಪ್ಯಾನಲ್ ಕಣದಲ್ಲಿ ನಿಲ್ಸಿದೀವಿ, ಅಲ್ಲಿಂದ ಮನೆಗೆ ನೂರು ಅಡಿ, 6 ಸ್ಕ್ವೇರ್ ಎಂಎಂ ವೈರ್. 540 ವ್ಯಾಟ್ ಪ್ಯಾನಲ್ ಒಂದು, 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದು (ಮೂರು ವರ್ಷ ಆಯ್ತು), ಪ್ಯಾನಲ್ಲಿಂದ ಬ್ಯಾಟರಿ ಚಾರ್ಜ್ ಮಾಡೋಕೆ ಪಿಡಬ್ಲ್ಯೂಎಂ ಥರದ ಕಂಟ್ರೋಲರ್. ಮಟಮಟ ಮಧ್ಯಾಹ್ನ ಬಿಸಿಲಲ್ಲೂ 13 ಆಂಪ್ಸ್ ಮೇಲೆ ಹತ್ತಲ್ಲ. ಈಗ ಇನ್ನೊಂದು ಅಂಥದ್ದೇ ಪ್ಯಾನಲ್, ಇನ್ನೊಂದು ಬ್ಯಾಟರಿ ತಗೊಂಡು 24 ವೋಲ್ಟ್ ಮಾಡೋಣ ಅಂತಿದೀನಿ. ಅಂಗಡಿಯವ್ರು ಎರಡು ಪ್ಯಾನಲ್ ಸೀರೀಸ್ ಮಾಡಿ (ಒಂದರ ಹಿಂದೊಂದು, ವೋಲ್ಟೇಜ್ ಕೂಡೋ ಹಾಗೆ) 100 ವೋಲ್ಟ್‌ವರೆಗೆ ತಡ್ಕೊಳ್ಳೋ ಎಂಪಿಪಿಟಿ ಕಂಟ್ರೋಲರ್ ಹಾಕಿ ಅಂತಾರೆ. ಪ್ಯಾನಲ್ ಹಿಂದೆ ವಿಒಸಿ (ಲೋಡ್ ಇಲ್ದಾಗಿನ ವೋಲ್ಟೇಜ್) 49.5, ವಿಎಂಪಿ (ಪೂರ್ತಿ ಪವರ್ ಕೊಡುವಾಗಿನ ವೋಲ್ಟೇಜ್) 41.5 ಅಂತ ಬರ್ದಿದೆ, ಎರಡು ಪ್ಯಾನಲ್ ವಿಒಸಿ ಸೇರಿದ್ರೆ 99, ನೂರರ ಒಳಗೇ ಇದ್ಯಲ್ಲ ಅಂತ ಅವ್ರ ಮಾತು. ತಗೋಬೋದಾ?

ಬಿಸಿಲುಕೋಲು:
ಮೊದ್ಲು 13 ಆಂಪ್ಸ್ ಕತೆ ಹೇಳ್ತೀನಿ. ಪಿಡಬ್ಲ್ಯೂಎಂ ಅಂದ್ರೆ ಪ್ಯಾನಲ್ಲನ್ನ ನೇರ ಬ್ಯಾಟರಿಗೆ ಸೇರಿಸೋ ಸ್ವಿಚ್ ಅಷ್ಟೇ, ಬ್ಯಾಟರಿ 13 ವೋಲ್ಟಲ್ಲಿದ್ರೆ ಪ್ಯಾನಲ್ಲೂ 13ಕ್ಕೇ ಇಳಿದು ಕೂರುತ್ತೆ, ಆಂಪ್ಸ್ ಮಾತ್ರ ಅದೇ. 13 ಇಂಟು 13, ಅಲ್ಲಿಗೆ ನಿಮ್ಮ 170 ವ್ಯಾಟ್ ಬಂತು. ಪ್ಯಾನಲ್ ಕೆಟ್ಟಿಲ್ಲ, ಕಂಟ್ರೋಲರ್ರೂ ಕೆಟ್ಟಿಲ್ಲ, ಜೋಡಿ ತಪ್ಪು. ಪಿಡಬ್ಲ್ಯೂಎಂಗೆ 36 ಸೆಲ್‌ನ ಹಳೇ ಥರದ ಪ್ಯಾನಲ್ (ವಿಎಂಪಿ 18 ಸುಮಾರು) ಸರಿ. ಎಂಪಿಪಿಟಿ ಆದ್ರೆ ಹೆಚ್ಚಿನ ವೋಲ್ಟೇಜನ್ನ ಆಂಪ್ಸಾಗಿ ಬದಲಾಯಿಸಿ ಕೊಡುತ್ತೆ.

ಕೊಡಗಿನ_ವೈರ್‌ಮನ್:
99 ಅಂತ ನಂಬ್ಕೊಂಡು ದಯವಿಟ್ಟು 100ರದ್ದು ತಗೋಬೇಡಿ ಸರ್. ಹಿಂದೆ ಬರ್ದಿರೋ ವಿಒಸಿ ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ತಂಪಾದಷ್ಟೂ ವೋಲ್ಟೇಜ್ ಏರುತ್ತೆ, ಈ ಥರ ಪ್ಯಾನಲ್ಲಲ್ಲಿ ಡಿಗ್ರಿಗೆ 0.27 ಪರ್ಸೆಂಟ್ ಹತ್ರ. ಡಿಸೆಂಬರ್ ಬೆಳಿಗ್ಗೆ ನಿಮ್ಮಲ್ಲಿ 12 ಡಿಗ್ರಿ ಇದ್ರೆ 99 ಇದ್ದದ್ದು 102 ದಾಟುತ್ತೆ. ಬಿಸಿಲು ಜೋರಾಗೋವರೆಗೂ ಕಾಯೋದೂ ಇಲ್ಲ, ಸ್ವಲ್ಪ ಬೆಳಕಾದ್ರೆ ಸಾಕು ವೋಲ್ಟೇಜ್ ಹೆಚ್ಚುಕಮ್ಮಿ ಪೂರ್ತಿ ಬಂದ್ಬಿಡುತ್ತೆ. ಆಂಪ್ಸ್ ಜಾಸ್ತಿ ಆದ್ರೆ ಒಳ್ಳೇ ಕಂಟ್ರೋಲರ್ ತಾನೇ ತಡ್ಕೊಳುತ್ತೆ, ವೋಲ್ಟೇಜ್ ದಾಟಿದ್ರೆ ಸುಟ್ಟೇ ಹೋಗುತ್ತೆ, ಗ್ಯಾರಂಟಿನೂ ಸಿಗಲ್ಲ. 150 ವೋಲ್ಟಿಂದು ತಗೊಳ್ಳಿ.

ತೋಟದಮನೆ_ಮೂಡಿಗೆರೆ:
ಹಾಗಾದ್ರೆ 100ರದ್ದೇ ತಗೊಂಡು ಪ್ಯಾನಲ್ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಮಾಡಿದ್ರೆ? 49.5ರಲ್ಲೇ ಇರುತ್ತಲ್ಲ, ದುಡ್ಡೂ ಉಳಿಯುತ್ತೆ.

ಕೊಡಗಿನ_ವೈರ್‌ಮನ್:
ಕಂಟ್ರೋಲರ್ ಉಳಿಯುತ್ತೆ, ಆದ್ರೆ ನಿಮ್ದು ನೂರು ಅಡಿ ವೈರ್ ಇದ್ಯಲ್ಲ. ಪ್ಯಾರಲಲ್ ಅಂದ್ರೆ 26 ಆಂಪ್ಸ್ ಹರಿಯುತ್ತೆ, ಹೋಗಿ ಬರೋ ದಾರಿ ಸೇರಿ 60 ಮೀಟರ್ 6 ಸ್ಕ್ವೇರ್ ವೈರಲ್ಲಿ 5 ವೋಲ್ಟ್ ಸುಮಾರು ದಾರೀಲೇ ಹೋಯ್ತು, 41ರಲ್ಲಿ 5. ಸೀರೀಸಲ್ಲಿ 13 ಆಂಪ್ಸೇ, 83ರಲ್ಲಿ ಎರಡೂವರೆ ಹೋಗುತ್ತೆ. ದಪ್ಪ ವೈರ್ ಎಳ್ಯೋಕೆ ಹೋದ್ರೆ ಉಳ್ಸಿದ ದುಡ್ಡು ತಾಮ್ರಕ್ಕೇ ಸರಿಹೋಗುತ್ತೆ. ಕಣದ ಪಕ್ಕದಲ್ಲೇ ಮನೆ ಇದ್ದಿದ್ರೆ ನಾನೂ ಪ್ಯಾರಲಲ್ಲೇ ಅಂತಿದ್ದೆ.

ಬ್ಯಾಟರಿ_ಭಟ್ರು:
ಬ್ಯಾಟರಿ ಕಡೆ ಯಾರೂ ನೋಡ್ಲಿಲ್ಲ. ಮೂರು ವರ್ಷದ ಹಳೇ ಬ್ಯಾಟರಿ ಜೊತೆ ಹೊಸದನ್ನ ಸೀರೀಸ್ ಮಾಡ್ಬೇಡಿ, ಹಳೇದು ಬೇಗ ತುಂಬಿ ಕುದಿಯುತ್ತೆ, ಹೊಸದು ಅರ್ಧಂಬರ್ಧ ಉಳಿಯುತ್ತೆ, ಆಮೇಲೆ ಎರಡೂ ಹಾಳು. ಎರಡೂ ಒಂದೇ ಸಲ ಹೊಸದು ತಗೊಳ್ಳಿ. ಇನ್ವರ್ಟರ್ 12 ವೋಲ್ಟಿಂದಾದ್ರೆ ಅದೂ ಬದ್ಲಾಯಿಸ್ಬೇಕು, ಆ ಖರ್ಚು ಈಗ್ಲೇ ಲೆಕ್ಕಕ್ಕೆ ತಗೊಳ್ಳಿ. ಇನ್ನೊಂದು, 1080 ವ್ಯಾಟ್ 24 ವೋಲ್ಟಿಗೆ ಅಂದ್ರೆ 38 ಆಂಪ್ಸ್ ಹತ್ರ, 150 ಎಎಚ್ ಟ್ಯೂಬುಲರ್‌ಗೆ ಅದು ಜಾಸ್ತಿ, ಕಂಟ್ರೋಲರ್ ಸೆಟ್ಟಿಂಗಲ್ಲಿ 15ರಿಂದ 20 ಆಂಪ್ಸಿಗೆ ಮಿತಿ ಹಾಕಿ. ಪ್ಯಾನಲ್ ವೇಸ್ಟ್ ಅನ್ಕೋಬೇಡಿ, ಜುಲೈ ಮಳೇಲಿ ಮೋಡ ಕವಿದಾಗ ಈ ಹೆಚ್ಚಿನ ಪ್ಯಾನಲ್ಲೇ ನಿಮ್ಮ ಮನೆ ಲೈಟ್ ಉರ್ಸೋದು. ಕನೆಕ್ಷನ್ ಕೊಡುವಾಗ ಮೊದ್ಲು ಬ್ಯಾಟರಿ, ಆಮೇಲೆ ಪ್ಯಾನಲ್, ಬಿಚ್ಚುವಾಗ ಉಲ್ಟಾ. ಪ್ಯಾನಲ್ ಲೈನಿಗೆ ಡಿಸಿ ಎಂಸಿಬಿನೇ (ಕರೆಂಟ್ ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್) ಹಾಕ್ಸಿ, ಮನೆ ಎಸಿ ಎಂಸಿಬಿ ಅಲ್ಲ.

ತೋಟದಮನೆ_ಮೂಡಿಗೆರೆ:
ತುಂಬಾ ಥ್ಯಾಂಕ್ಸ್. ಇನ್ವರ್ಟರ್ 12ರದ್ದೇ ಭಟ್ರೇ. ಹಾಗಾದ್ರೆ ಈ ಸಲ ಕಾಫಿ ಮಾರಿದ್ಮೇಲೆ ಎಲ್ಲಾ ಒಟ್ಟಿಗೇ ಮಾಡಿಸ್ತೀನಿ, 150 ವೋಲ್ಟ್ ಕಂಟ್ರೋಲರ್ರೇ.