ಹಾರುವಾಗ ಜಿಪಿಎಸ್ ಹೋಗಿ ಬಂದು ಮಾಡುತ್ತಿದೆ: ಬಾಕ್ಸ್ ರಿಪೇರಿಗೆ ಕಳಿಸುವ ಮೊದಲು ಏನು ನೋಡಲಿ?

ಪ್ರಶ್ನೆ (ಅಂಧೇರಿ, ಮುಂಬೈ)

ಎಲ್ಲರಿಗೂ ನಮಸ್ಕಾರ. ಜುಹುವಿನಲ್ಲಿ ನಿಲ್ಲುವ ಹಳೆಯ ಸೆಸ್ನಾ 172 ಹಾರಿಸುತ್ತೇನೆ. ಪ್ಯಾನೆಲ್‌ನಲ್ಲಿ ಒಂದು ಜಿಪಿಎಸ್, ಎರಡು ಕಾಮ್ (ಮಾತಾಡುವ) ರೇಡಿಯೋ ಇವೆ. ಮಳೆಗಾಲ ಮುಗಿದಾಗಿನಿಂದ ಜಿಪಿಎಸ್ ನಡುನಡುವೆ ಪೊಸಿಷನ್ ಕಳೆದುಕೊಳ್ಳುತ್ತಿದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಕೈಯಲ್ಲಿರುವ ಟ್ಯಾಬ್ಲೆಟ್‌ನ ಜಿಪಿಎಸ್‌ಗೆ ಏನೂ ಆಗಿಲ್ಲ. ಜಿಪಿಎಸ್ ಬಾಕ್ಸ್ (ರಿಸೀವರ್) ಬಿಚ್ಚಿ ರಿಪೇರಿಗೆ ಕಳಿಸೋಣ ಎಂದು ವರ್ಕ್‌ಶಾಪ್‌ನವರು ಹೇಳುತ್ತಿದ್ದಾರೆ. ಖರ್ಚು ಜಾಸ್ತಿ, ವಿಮಾನವೂ ಸುಮ್ನೆ ನಿಲ್ಲುತ್ತದೆ. ಸ್ಪೂಫಿಂಗ್ (ಹೊರಗಿನಿಂದ ಯಾರೋ ಸುಳ್ಳು ಜಿಪಿಎಸ್ ಸಿಗ್ನಲ್ ಬಿಡುವುದು) ಸುದ್ದಿ ಬರುತ್ತಿದೆಯಲ್ಲ, ಅದೂ ಇರಬಹುದಾ?

ಉತ್ತರ (ಪುಣೆ, ಏವಿಯಾನಿಕ್ಸ್ ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸ)

ಸರ್, ಬಾಕ್ಸ್ ಈಗಲೇ ಬಿಚ್ಚಿಸಬೇಡಿ. ಹೋಗಿ ಬಂದು ಮಾಡುವ ಜಿಪಿಎಸ್‌ನಲ್ಲಿ ರಿಸೀವರ್ ಮೇಲೆ ನಾನು ಕೊನೆಗೆ ಅನುಮಾನ ಪಡುತ್ತೇನೆ. ಮೊದಲು ಆಂಟೆನಾ, ಕೇಬಲ್, ಆಮೇಲೆ ವಿಮಾನದೊಳಗೇ ಹುಟ್ಟುವ ರೇಡಿಯೋ ಗದ್ದಲ.

ಸ್ಪೂಫಿಂಗ್ ಅಥವಾ ಜಾಮಿಂಗ್ (ಸಿಗ್ನಲ್ ಮುಳುಗಿಸುವುದು) ಆಗಿದ್ದರೆ ಟ್ಯಾಬ್ಲೆಟ್ ಕೂಡ ಸಾಮಾನ್ಯವಾಗಿ ಎಡವುತ್ತದೆ, ಸುತ್ತ ಹಾರುವವರೂ ದೂರುತ್ತಾರೆ. ಹಾಗೇನಾದರೂ ಕಂಡರೆ ತಕ್ಷಣ ಎಟಿಸಿಗೆ (ವಾಯು ಸಂಚಾರ ನಿಯಂತ್ರಣ) ಹೇಳಿ. ವಿಮಾನಯಾನ ನಿಯಂತ್ರಕ ಡಿಜಿಸಿಎ 2023ರ ನವೆಂಬರ್‌ನಲ್ಲಿ ಇದಕ್ಕೆಂದೇ ಸುತ್ತೋಲೆ ಹೊರಡಿಸಿದೆ. ನಿಮ್ಮದು ಹಾಗೆ ಕಾಣುತ್ತಿಲ್ಲ.

ನನಗೆ ಬೇಕಾದ ಮಾಹಿತಿ ಇದು: ಜಿಪಿಎಸ್ ಹೋದ ಗಳಿಗೆಯಲ್ಲಿ ನೀವು ಮಾತಾಡುತ್ತಿದ್ದಿರಾ? ಯಾವ ರೇಡಿಯೋದಲ್ಲಿ, ಯಾವ ಫ್ರೀಕ್ವೆನ್ಸಿಯಲ್ಲಿ? ಸಿಗರೇಟ್ ಲೈಟರ್ ಸಾಕೆಟ್‌ನಲ್ಲಿ ಯುಎಸ್‌ಬಿ ಚಾರ್ಜರ್ ಇತ್ತಾ? ಅಗ್ಗದ ಚಾರ್ಜರ್‌ಗಳು, ಕ್ಯಾಮೆರಾಗಳು ಜಿಪಿಎಸ್ ಕೆಡಿಸುವುದುಂಟು. ಅವನ್ನೆಲ್ಲ ತೆಗೆದೇ ಪರೀಕ್ಷೆ ಶುರು ಮಾಡಿ.

ಮಾತಿನ ಬಗ್ಗೆ ಯಾಕೆ ಕೇಳಿದೆ ಅಂದರೆ, ಜಿಪಿಎಸ್ ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿಂದ ಬರುವ ಅದು ತೀರಾ ಕ್ಷೀಣ. ನಿಮ್ಮ ಕಾಮ್ ರೇಡಿಯೋ ಜಿಪಿಎಸ್ ಆಂಟೆನಾ ಪಕ್ಕದಲ್ಲೇ ಕೆಲವು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ಕೂಗಿದ ಫ್ರೀಕ್ವೆನ್ಸಿಯ ಎರಡು, ಮೂರು, ಹತ್ತು ಪಟ್ಟುಗಳಲ್ಲೂ ಅದರ ಸಣ್ಣ ಪ್ರತಿಧ್ವನಿ ಹೊರಡಬಹುದು; ಅದೇ ಹಾರ್ಮೋನಿಕ್. ಕಾಮ್ ಫ್ರೀಕ್ವೆನ್ಸಿ 121.175ನ್ನು 13ರಿಂದ ಗುಣಿಸಿ: 1575.275. 131.250ನ್ನು 12ರಿಂದ ಗುಣಿಸಿ: 1575. ಎರಡೂ ಜಿಪಿಎಸ್ ಪಕ್ಕಕ್ಕೇ ಬಂದು ಬೀಳುತ್ತವೆ. ಈ ಹಾರ್ಮೋನಿಕ್ ಸ್ವಲ್ಪ ಜೋರಾದರೂ ಸಾಕು, ಉಪಗ್ರಹಗಳು ಮಾಯ.

ಪರೀಕ್ಷೆ ಹೀಗೆ. ಹ್ಯಾಂಗರ್‌ನಿಂದ ಹೊರಗೆ, ಬಯಲಿನಲ್ಲಿ ನಿಲ್ಲಿಸಿ. ಜಿಪಿಎಸ್ ಪೂರ್ತಿ ಲಾಕ್ ಆಗಲಿ, ಸ್ಯಾಟಲೈಟ್ ಪುಟ ತೆರೆದಿಡಿ. ಟವರ್‌ಗೆ ತಿಳಿಸಿ, ಫ್ರೀಕ್ವೆನ್ಸಿ ಖಾಲಿ ಇದೆಯಾ ಎಂದು ಕೇಳಿಸಿಕೊಂಡು, 121.150, 121.175, 121.200, 131.250, 131.275, 131.300 ಇವುಗಳಲ್ಲಿ ಒಂದೊಂದರಲ್ಲೂ ಅರ್ಧ ನಿಮಿಷ ಪಿಟಿಟಿ (ಮಾತಾಡುವ ಬಟನ್) ಒತ್ತಿ. ಎರಡೂ ರೇಡಿಯೋಗಳಲ್ಲಿ ಮಾಡಿ. ಸ್ಯಾಟಲೈಟ್ ಪುಟದಲ್ಲಿ ಸಿಗ್ನಲ್ ಬಲ ತೋರಿಸುವ ಪಟ್ಟಿಗಳು ಕುಸಿಯುತ್ತವಾ ನೋಡಿ.

ಪ್ರಶ್ನೆ ಕೇಳಿದವರು

ನಮ್ಮ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಜೊತೆ ಕೂತು ಮಾಡಿದೆವು. ಚಾರ್ಜರ್ ಇರಲಿಲ್ಲ. ಮೊದಲ ಕಾಮ್‌ನಲ್ಲಿ ಏನೂ ಆಗಲಿಲ್ಲ. ಎರಡನೇ ಕಾಮ್‌ನಲ್ಲಿ 121.175, 121.200ಕ್ಕೆ ಪಟ್ಟಿಗಳೆಲ್ಲ ನೆಲಕಚ್ಚಿದವು, ಪಿಟಿಟಿ ಬಿಟ್ಟ ಮೇಲೆ ಒಂದೊಂದಾಗಿ ಎದ್ದವು. ಹಾಗಾದರೆ ಎರಡನೇ ರೇಡಿಯೋ ಕೆಟ್ಟಿದೆಯಾ? ಆದರೆ ಮಳೆಗಾಲಕ್ಕೆ ಮೊದಲೂ ಅದೇ ರೇಡಿಯೋ ಇತ್ತಲ್ಲ.

ಉತ್ತರ (ಪುಣೆ)

ಒಳ್ಳೆಯ ಪ್ರಶ್ನೆ, ಉತ್ತರವೂ ಮಳೆಗಾಲದಲ್ಲೇ ಇರಬಹುದು. ರೇಡಿಯೋವನ್ನೂ ಈಗಲೇ ದೂರಬೇಡಿ. ಎರಡನೇ ಕಾಮ್ ಆಂಟೆನಾ ಹತ್ತಿರ ಇಎಲ್‌ಟಿ (ಅಪಘಾತವಾದರೆ ಸಂಕೇತ ಕಳಿಸುವ ತುರ್ತು ಟ್ರಾನ್ಸ್‌ಮಿಟರ್) ಆಂಟೆನಾ ಇದೆಯಾ ನೋಡಿ. ಕಾಮ್ ಕೂಗಿದಾಗ ಇಎಲ್‌ಟಿಯ ಔಟ್‌ಪುಟ್ ಸರ್ಕ್ಯೂಟ್ ಅದನ್ನು ಹಿಡಿದು, ಹಾರ್ಮೋನಿಕ್ ಆಗಿಸಿ ಮತ್ತೆ ಹೊರಗೆ ಬಿಡುವುದು ಹಳೆಯ ಕಾಯಿಲೆ. ಎಎಂಇ ಇಎಲ್‌ಟಿ ಕಡೆಯಿಂದ ಆಂಟೆನಾ ಕೇಬಲ್ ಬಿಚ್ಚಿ ಅದೇ ಪರೀಕ್ಷೆ ಮಾಡಲಿ. ತೊಂದರೆ ನಿಂತರೆ ಕಳ್ಳ ಸಿಕ್ಕಂತೆ. ಇಎಲ್‌ಟಿಯನ್ನು ಆನ್ ಮಾತ್ರ ಮಾಡಬೇಡಿ. 406 ಮೆಗಾಹರ್ಟ್ಸ್‌ನಲ್ಲಿ ಅದು ಕೂಗಿದರೆ ಸುದ್ದಿ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಮುಟ್ಟುತ್ತದೆ, ಇಲ್ಲದ ಅಪಘಾತಕ್ಕೆ ಹುಡುಕಾಟ ಶುರುವಾಗುತ್ತದೆ.

ಇನ್ನು ಮಳೆ. ಜುಹು ಸಮುದ್ರದ ಪಕ್ಕ. ಉಪ್ಪು ಗಾಳಿ, ತೇವ. ಜಿಪಿಎಸ್ ಆಂಟೆನಾ ಬುಡದ ಗ್ಯಾಸ್ಕೆಟ್ ಸವೆದಿದ್ದರೆ ನೀರು ಕನೆಕ್ಟರ್‌ಗೆ ಇಳಿಯುತ್ತದೆ, ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಆಗ ಬರುವ ಸಿಗ್ನಲ್ ಮೊದಲಿಗಿಂತ ದುರ್ಬಲ. ಮುಂಚೆ ತಡೆದುಕೊಳ್ಳುತ್ತಿದ್ದ ಗದ್ದಲ ಈಗ ಮುಳುಗಿಸಿಬಿಡುತ್ತದೆ. ಕಿಲುಬು ಹಿಡಿದ ಲೋಹದ ಜೋಡಣೆ ತಾನೇ ಹಾರ್ಮೋನಿಕ್ ಹುಟ್ಟಿಸುವುದೂ ಇದೆ. ಹಾಗಾಗಿ ಕಾಮ್ ಆಂಟೆನಾದ ಬುಡ, ಅರ್ಥಿಂಗ್ ಎಲ್ಲ ಬಿಚ್ಚಿ ನೋಡಿಸಿ. ಜಿಪಿಎಸ್ ಆಂಟೆನಾ ಕೇಬಲ್ ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ ರಿಸೀವರ್ ಕಳಿಸುವ ಸುಮಾರು 5 ವೋಲ್ಟ್ ಸಿಗಬೇಕು. ಸರಿಯಾದ ಅಂಕಿ ನಿಮ್ಮ ಯೂನಿಟ್‌ನ ಇನ್‌ಸ್ಟಲೇಶನ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಪ್ರಶ್ನೆ ಕೇಳಿದವರು

ಇಎಲ್‌ಟಿ ಕೇಬಲ್ ಬಿಚ್ಚಿದ ತಕ್ಷಣ ನಿಂತಿತು! ಜಿಪಿಎಸ್ ಕನೆಕ್ಟರ್ ಒಳಗೂ ಹಸಿರು ಇತ್ತು. ಕೇಬಲ್ ತುದಿಯಲ್ಲಿ ವೋಲ್ಟ್ ಸರಿಯಾಗಿದೆ. ಈಗ ಇಎಲ್‌ಟಿ ಆಂಟೆನಾ ಜಾಗ ಬದಲಿಸಬೇಕಾ?

ಉತ್ತರ (ಪುಣೆ)

ಜಾಗ ಬದಲಿಸುವುದು ದೊಡ್ಡ ಕೆಲಸ. ಮೊದಲು ಕನೆಕ್ಟರ್, ಗ್ಯಾಸ್ಕೆಟ್ ಹೊಸದು ಹಾಕಿಸಿ, ಇಎಲ್‌ಟಿ ಕೇಬಲ್ ಜೋಡಿಸಿ ಆರೂ ಫ್ರೀಕ್ವೆನ್ಸಿಗಳಲ್ಲಿ ಮತ್ತೆ ನೋಡಿ. ಜಿಪಿಎಸ್ ಇನ್ನೂ ಹೋದರೆ ಇಎಲ್‌ಟಿ ಆಂಟೆನಾ ಲೈನ್‌ನಲ್ಲಿ 1575 ಮೆಗಾಹರ್ಟ್ಸ್ ತಡೆಯಲೆಂದೇ ಮಾಡಿದ ನಾಚ್ ಫಿಲ್ಟರ್ ಹಾಕಬಹುದು. ನಿಮ್ಮ ಇಎಲ್‌ಟಿಗೆ ಒಪ್ಪಿಗೆ ಇರುವ ಫಿಲ್ಟರ್ ಮಾತ್ರ, ಎಎಂಇ ಸಹಿಯೊಂದಿಗೆ. ಅಲ್ಲಿಯವರೆಗೆ ಈ ಸ್ನ್ಯಾಗ್ (ದೋಷ) ವಿಮಾನದ ಲಾಗ್‌ ಪುಸ್ತಕದಲ್ಲಿ ತೆರೆದೇ ಇರಲಿ, ಹಾರಾಟಕ್ಕೆ ಬಿಡಬಹುದಾ ಎಂದು ಎಎಂಇ ಹೇಳಲಿ. ಇಎಲ್‌ಟಿ ಕೇಬಲ್ ಬಿಚ್ಚಿಟ್ಟು ಮಾತ್ರ ಹಾರಬೇಡಿ ಸರ್. ಜಿಪಿಎಸ್ ಇಲ್ಲದಿದ್ದರೆ ದಾರಿ ತೋರಿಸಲು ವಿಓಆರ್ (ನೆಲದ ರೇಡಿಯೋ ಕೇಂದ್ರ) ಇದೆ, ಕಿಟಕಿಯಾಚೆ ಕರಾವಳಿ ಇದೆ. ಬಿದ್ದ ವಿಮಾನವನ್ನು ಹುಡುಕುವವರಿಗೆ ಇಎಲ್‌ಟಿ ಬೇಕೇ ಬೇಕು.