ಫೈಬ್ರೊಮಯಾಲ್ಜಿಯಾ: ಕಣ್ಣಿನ ರಿಪೋರ್ಟ್ ನಾರ್ಮಲ್, ಆದರೂ ಉರಿ ನಿಂತಿಲ್ಲ

ಪ್ರಶ್ನೆ (ಸದಸ್ಯೆ, 44 ವರ್ಷ, ದಾವಣಗೆರೆ): ಡಾಕ್ಟರ್, ನನಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲಾ ದೀರ್ಘಕಾಲ ನೋಯುವ ಕಾಯಿಲೆ, ಇದೆ. ರಾತ್ರಿ ಅಮಿಟ್ರಿಪ್ಟಿಲಿನ್, ಜೊತೆಗೆ ಪ್ರಿಗ್ಯಾಬಲಿನ್ ನುಂಗುತ್ತೇನೆ. ಈಚೆಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಟ್ಯೂಬ್‌ಲೈಟ್ ಕಡೆ ನೋಡಲು ಆಗುವುದಿಲ್ಲ. ಸಂಜೆಯಾದರೆ ಮೊಬೈಲಿನ ಅಕ್ಷರ ಮಸುಕು. ಪರೀಕ್ಷೆ ಮಾಡಿಸಿದರೆ ‘ಕಣ್ಣು ಚೆನ್ನಾಗಿದೆ’ ಅಂದರು. ಮನೆಯವರು ‘ಎಲ್ಲಾ ನಿನ್ನ ಭ್ರಮೆ’ ಅನ್ನುತ್ತಾರೆ. ದೃಷ್ಟಿ ಹೋಗಿಬಿಡುತ್ತಾ?

ಉತ್ತರ (ಕಣ್ಣಿನ ತಜ್ಞೆ): ಮೊದಲು ಹೆದರಿಕೆ ಬಿಡಿ. ಫೈಬ್ರೊಮಯಾಲ್ಜಿಯಾ ಕಣ್ಣನ್ನು ಹಾಳು ಮಾಡುವುದಿಲ್ಲ, ಅದರಿಂದ ಕುರುಡು ಬರುವುದಿಲ್ಲ. ಭ್ರಮೆಯೂ ಅಲ್ಲ. ಈ ಕಾಯಿಲೆಯಲ್ಲಿ ನರಮಂಡಲ ನೋವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಬೆಳಕು, ಗಾಳಿ, ಸ್ವಲ್ಪ ಒಣಗಿದ ಕಣ್ಣು, ಇವೆಲ್ಲ ಬೇರೆಯವರಿಗಿಂತ ನಿಮಗೆ ಜಾಸ್ತಿ ಚುಚ್ಚುತ್ತವೆ.

ಆದರೆ ಎಲ್ಲವನ್ನೂ ಫೈಬ್ರೊ ತಲೆಗೆ ಕಟ್ಟಬೇಡಿ. ನನಗೆ ಮೊದಲು ಅನುಮಾನ ನಿಮ್ಮ ಮಾತ್ರೆಗಳ ಮೇಲೆ. ಅಮಿಟ್ರಿಪ್ಟಿಲಿನ್ ಬಾಯಿಯನ್ನೂ ಕಣ್ಣನ್ನೂ ಒಣಗಿಸುತ್ತದೆ, ಹತ್ತಿರದ್ದನ್ನು ನೋಡುವ ಶಕ್ತಿಯನ್ನು ಸ್ವಲ್ಪ ಕುಗ್ಗಿಸುತ್ತದೆ. ಪ್ರಿಗ್ಯಾಬಲಿನ್‌ನಿಂದ ಕೆಲವರಿಗೆ ದೃಷ್ಟಿ ಮಸುಕಾಗುತ್ತದೆ, ಒಂದು ಎರಡಾಗಿ ಕಾಣುವುದೂ ಉಂಟು. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಡುಲೋಕ್ಸೆಟಿನ್ ತೆಗೆದುಕೊಳ್ಳುವವರಿಗೂ ಮಸುಕು, ಒಣಗುವುದು ಬರಬಹುದು. ಹಾಗಂತ ಇವತ್ತೇ ನಿಲ್ಲಿಸಬೇಡಿ! ಇವನ್ನು ದಿಢೀರನೆ ಬಿಟ್ಟರೆ ಬೇರೆ ತೊಂದರೆ ಶುರುವಾಗುತ್ತದೆ. ಡೋಸ್ ಇಳಿಸಬೇಕೋ, ಬದಲಿಸಬೇಕೋ ಅಂತ ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಇನ್ನೊಂದು, ನಿಮಗೆ 44. ಓದುವ ಕನ್ನಡಕ ಬೇಕಾಗುವ ವಯಸ್ಸೇ, ಅಲ್ವಾ? ಸಂಜೆಯ ಮಸುಕಿಗೆ ಅರ್ಧ ಕಾರಣ ಅದೂ ಇರಬಹುದು.

ಸದಸ್ಯೆ: ‘ಚೆನ್ನಾಗಿದೆ’ ಅಂದವರು ಅಕ್ಷರ ಓದಿಸಿ, ಟಾರ್ಚ್ ಬಿಟ್ಟು ನೋಡಿದರು ಅಷ್ಟೇ. ಬೇರೆ ಏನು ಕೇಳಬೇಕು?

ಉತ್ತರ: ಕಣ್ಣೀರಿನ ಪರೀಕ್ಷೆ ಕೇಳಿ. ಶಿರ್ಮರ್ ಟೆಸ್ಟ್ ಅಂತ ಹೆಸರು. ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 5 ಮಿಲಿಮೀಟರ್ ಕೂಡ ಒದ್ದೆಯಾಗದಿದ್ದರೆ ಕಣ್ಣೀರು ತೀರಾ ಕಡಿಮೆ ಅಂತ ಅರ್ಥ. ಬಣ್ಣದ ಹನಿ ಹಾಕಿ ಕಣ್ಣೀರಿನ ಪದರ ಎಷ್ಟು ಬೇಗ ಒಡೆಯುತ್ತದೆ ಅಂತಲೂ ನೋಡುತ್ತಾರೆ.

ನೀರಿಲ್ಲದೆ ಒಣ ಚಪಾತಿ ನುಂಗುವುದು ಕಷ್ಟವಾಗುತ್ತಿದೆಯಾ? ಹಾಗಿದ್ದರೆ ಕೀಲುವಾತ ತಜ್ಞರಿಗೆ ಹೇಳಿ. ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಶೋಗ್ರೆನ್ ಕಾಯಿಲೆಯಲ್ಲೂ ಮೈನೋವು, ಸುಸ್ತು, ಒಣ ಕಣ್ಣು, ಒಣ ಬಾಯಿ ಇರುತ್ತವೆ. ಫೈಬ್ರೊ ಜೊತೆ ಅದೂ ಇರುವವರು ಇದ್ದಾರೆ. ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ.

ಅಲ್ಲಿಯವರೆಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರು ಹಾಕಬಹುದು. ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೊಳ್ಳಿ. ಸ್ವಲ್ಪ ದುಬಾರಿ, ಆದರೆ ನಿಮ್ಮಂಥ ಸೂಕ್ಷ್ಮ ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಫ್ಯಾನ್ ಗಾಳಿ ಮುಖಕ್ಕೆ ಬಡಿಯದ ಹಾಗೆ ಮಲಗಿ. ಸ್ಕೂಟರಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿ. ಮೊಬೈಲ್ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ, 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ.

ಇನ್ನೊಬ್ಬ ಸದಸ್ಯ: ನನ್ನ ಹೆಂಡತಿಗೂ ಇದೇ ಕಾಯಿಲೆ. ಮನೆಯೊಳಗೂ ಕಪ್ಪು ಕನ್ನಡಕ ಹಾಕಿಯೇ ಇರುತ್ತಾಳೆ. ಪರವಾಗಿಲ್ಲವಾ? ಅತ್ತೆ ನಂದಿಬಟ್ಟಲು ಹೂವಿನ ರಸ ಬಿಡು ಅನ್ನುತ್ತಾರೆ.

ಉತ್ತರ: ಬಿಸಿಲಿಗೆ ಕಪ್ಪು ಕನ್ನಡಕ ಸರಿ. ಮನೆಯೊಳಗೆ ಬೇಡ. ಕಣ್ಣು ಕತ್ತಲೆಗೆ ಒಗ್ಗಿಕೊಂಡು ಬೆಳಕು ಇನ್ನೂ ಚುಚ್ಚುತ್ತದೆ. ನಿಧಾನವಾಗಿ ಬಿಡಿಸಿ. ಎಫ್‌ಎಲ್-41 ಅನ್ನುವ ತಿಳಿಗುಲಾಬಿ ಬಣ್ಣದ ಗಾಜು ಬರುತ್ತದೆ, ಮೈಗ್ರೇನ್ ಇರುವ ಕೆಲವರಿಗೆ ಅದು ಹಿತ. ಮನೆಯೊಳಗೆ ಹಾಕಲೇಬೇಕು ಅಂದರೆ ಅದನ್ನು ನೋಡಬಹುದು.

ನಂದಿಬಟ್ಟಲನ್ನು ದೇವರಿಗೆ ಏರಿಸಿ. ಕಣ್ಣೊಳಗೆ ಬೇಡ, ಸೋಂಕು ತಗುಲಿದರೆ ಕಷ್ಟ. ಅತ್ತೆಗೂ ಬೇಜಾರಾಗಬಾರದು ಅಂದರೆ, ಬೆಚ್ಚಗಿನ ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆ ಮೇಲೆ 5–10 ನಿಮಿಷ ಇಡಲು ಅವರಿಗೇ ಹೇಳಿ. ರೆಪ್ಪೆಯ ಎಣ್ಣೆ ಗ್ರಂಥಿಗಳು ಸಡಿಲವಾಗುತ್ತವೆ. ಮೆಡಿಕಲ್ ಶಾಪಿನವರು ಸುಮ್ನೆ ಕೊಡುವ ಸ್ಟಿರಾಯ್ಡ್ ಹನಿ ಮಾತ್ರ ಮುಟ್ಟಬೇಡಿ. ಗ್ಲಾಕೋಮಾ (ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ), ಪೊರೆ ಎರಡೂ ಬರಬಹುದು.

ಸದಸ್ಯೆ: ತಕ್ಷಣ ಓಡಬೇಕಾದದ್ದು ಯಾವಾಗ?

ಉತ್ತರ: ದಿಢೀರನೆ ದೃಷ್ಟಿ ಕಮ್ಮಿಯಾದರೆ, ಮಿಂಚು ಹೊಡೆದ ಹಾಗೆ ಕಂಡರೆ, ಕಣ್ಣಿಗೆ ಪರದೆ ಎಳೆದಂತಾದರೆ. ಕಣ್ಣು ಕೆಂಪಾಗಿ ತೀರಾ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರಂತೂ ಅದೇ ರಾತ್ರಿ ಹೋಗಿ. ಕಣ್ಣಿನ ಕೋನ, ಅಂದರೆ ಕಣ್ಣೊಳಗಿನ ದ್ರವ ಹೊರಹೋಗುವ ಜಾಗ, ಕಿರಿದಾಗಿರುವವರಿಗೆ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್‌ನಿಂದ ಕಣ್ಣೊಳಗಿನ ಒತ್ತಡ ಹಠಾತ್ ಏರಬಹುದು. ಅಪರೂಪ, ಆದರೆ ಫೈಬ್ರೊ ನೋವು ಅಂದುಕೊಂಡು ಕಾಯಬಾರದು. ಮುಂದಿನ ಪರೀಕ್ಷೆಗೆ ಹೋದಾಗ ಕೋನವನ್ನೂ ನೋಡಿಸಿಕೊಳ್ಳಿ, ಮಾತ್ರೆಗಳ ಚೀಟಿ ಕೈಯಲ್ಲಿರಲಿ.